ದೋಣಿಯ ಹೊಟ್ಟೆಯ ಕಲ್ಲು

"ಗುರುಗಳೇ, ಎಲ್ಲವನ್ನೂ ಬಿಟ್ಟು ಬಂದೆ. ಆದರೂ ಮನಸ್ಸು ಯಾಕೆ ಹಗುರಾಗಲಿಲ್ಲ?" ಎಂದು ಶಿಷ್ಯ ಕೇಳಿದ.

ಅವನು ಮಠಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಬಂದಾಗಿನಿಂದ ಇದನ್ನೇ ಬೇರೆ ಬೇರೆ ಮಾತಿನಲ್ಲಿ ಕೇಳುತ್ತಿದ್ದ. ಗುರುಗಳು ಅದುವರೆಗೆ ಉತ್ತರ ಕೊಟ್ಟಿರಲಿಲ್ಲ. ಆ ದಿನ, ಏನೇನು ಬಿಟ್ಟೆ ಎಂದು ತಿರುಗಿ ಕೇಳಿದರು.

ಶಿಷ್ಯ ಹೇಳಿದ. ಇದ್ದ ಮನೆಯನ್ನು ಮಾರಿದ್ದ. ಪಾತ್ರೆ ಪಡಗ ಹಂಚಿದ್ದ. ಕೊಟ್ಟಿಗೆಯ ಹಸುವನ್ನು, ದಾರಿಯಲ್ಲಿ ಹೋಗುತ್ತಿದ್ದ ಒಬ್ಬನನ್ನು ಕರೆದು, ಹಗ್ಗ ಸಮೇತ ಕೊಟ್ಟಿದ್ದ. ಹೆಂಡತಿಯನ್ನು ಅವಳ ಅಣ್ಣನ ಮನೆಗೆ ಕಳಿಸಿದ್ದ. ಇಷ್ಟನ್ನು ಹೇಳುವಾಗ ಅವನ ದನಿ ಸ್ವಲ್ಪ ಏರಿತು. ಹಸುವಿನ ಮಾತನ್ನು ಎರಡು ಸಲ ಹೇಳಿದ.

ಗುರುಗಳು ಅವನಿಗೆ ಕೂರಲು ಹೇಳಿ ಈ ಕತೆ ಹೇಳಿದರು.

ನದಿ ಸಮುದ್ರಕ್ಕೆ ಸೇರುವಲ್ಲಿ ಒಂದು ಊರು. ಅಲ್ಲಿ ಒಬ್ಬ ವರ್ತಕನಿದ್ದ. ಅವನ ಹೆಸರು ನಮಗೆ ಬೇಡ. ಊರಿನವರು ಅದನ್ನು ಬೇಕಾದಷ್ಟು ಸಲ ಹೇಳಿ ಹೊಗಳಿದ್ದಾರೆ. ಅವನ ಹೆಂಡತಿಯ ಹೆಸರು ಅಂಬಕ್ಕ. ಅವರಿಗೆ ಮಕ್ಕಳಿರಲಿಲ್ಲ.

ವರ್ತಕನ ಮನೆಯಲ್ಲಿ ಹನ್ನೊಂದು ಕೋಣೆ. ಏಳನ್ನು ಅಪ್ಪ ಕಟ್ಟಿಸಿದ್ದ, ನಾಲ್ಕನ್ನು ಇವನು ಸೇರಿಸಿದ್ದ. ಇವನು ಸೇರಿಸಿದ ನಾಲ್ಕರಲ್ಲಿ ಯಾರೂ ಮಲಗುತ್ತಿರಲಿಲ್ಲ, ಸಾಮಾನು ಮಲಗುತ್ತಿತ್ತು. ಎಂದೋ ಒಮ್ಮೆ ಹೊರಗೆ ತೆಗೆಯುವ ಹಂಡೆಗಳು, ಯಾರೋ ಕೊಟ್ಟ ಗಡಿಯಾರಗಳು, ಮುರಿದೀತೆಂದು ಯಾರೂ ಕೂರದ ಕುರ್ಚಿಗಳು. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಬೇಕು, ಮಳೆಗಾಲ ಮುಗಿದ ಮೇಲೆ ಗೋಡೆಗೆ ಸುಣ್ಣ ಬಳಿಸಬೇಕು. ಗೆದ್ದಲನ್ನು ಒಂದು ಕಡೆ ಓಡಿಸಿದರೆ ಇನ್ನೊಂದು ಕಡೆ ಏಳುತ್ತಿತ್ತು. ಸೊಂಟದ ಬೀಗದಕೈ ಗೊಂಚಲಿಗೆ ಅವನ ಪಂಚೆಯೇ ಹರಿದುಹೋಗುತ್ತಿತ್ತು. ಐವತ್ತು ದಾಟಿದ ಮೇಲೆ, ಮನೆ ಇರುವುದು ತನಗಾಗಿಯೋ, ತಾನಿರುವುದು ಮನೆಯ ಚಾಕರಿಗೋ ಎಂದು ಅವನಿಗೆ ಅನಿಸತೊಡಗಿತು. ಆ ಬೇಸರ ನಿಜವಾದದ್ದು. ಅದನ್ನು ನಾನು ಆಡಿಕೊಳ್ಳುವುದಿಲ್ಲ.

ಒಮ್ಮೆ ಸರಕಿನ ಜೊತೆ ಅವನೇ ಹಾಯಿದೋಣಿಯಲ್ಲಿ ಇನ್ನೊಂದು ಬಂದರಿಗೆ ಹೋಗಬೇಕಾಯಿತು. ಮೂರು ದಿನದ ದಾರಿ. ದೋಣಿಯಲ್ಲಿ ಇದ್ದದ್ದು ಒಂದು ಚಾಪೆ, ಒಂದು ಕೊಡ ನೀರು, ಅನ್ನ ಬೇಯಿಸಲು ಒಂದು ಮಣ್ಣಿನ ಒಲೆ. ಕೈ ಚಾಚಿದರೆ ಬೇಕಾದದ್ದು ಸಿಗುತ್ತಿತ್ತು, ಬೇಡವಾದದ್ದು ಇರಲೇ ಇಲ್ಲ. ಅವನಿಗೆ ಚೆನ್ನಾಗಿ ಹಸಿವಾಯಿತು, ಚೆನ್ನಾಗಿ ನಿದ್ದೆ ಬಂತು. ಎರಡೂ ಅವನನ್ನು ಬಿಟ್ಟುಹೋಗಿ ವರ್ಷಗಳಾಗಿತ್ತು. ಆ ಮೂರು ದಿನ ಅನ್ನ ಬೇಯಿಸಿದವರು ಯಾರು, ತಟ್ಟೆ ತೊಳೆದವರು ಯಾರು ಎಂದು ಮಾತ್ರ ಅವನು ನೋಡಲಿಲ್ಲ. ತಿರುಗಿ ಬರುವಷ್ಟರಲ್ಲಿ ತೀರ್ಮಾನ ಮಾಡಿಯಾಗಿತ್ತು. ಮನೆ ಮಾರುವುದು, ದೋಣಿ ಕೊಳ್ಳುವುದು, ಉಳಿದ ಆಯಸ್ಸನ್ನು ನೀರಿನ ಮೇಲೆ ಕಳೆಯುವುದು.

ಹೆಂಡತಿಗೆ ಹೇಳಿದ. ಕೇಳಲಿಲ್ಲ, ಹೇಳಿದ. ಅಂಬಕ್ಕ ಮೊದಲು ತಮಾಷೆ ಎಂದುಕೊಂಡು ನಕ್ಕಳು. ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ಎರಡು ದಿನ ಯೋಚನೆ ಮಾಡಿದಳು. ಹನ್ನೊಂದು ಕೋಣೆ ಗುಡಿಸುತ್ತಿದ್ದವಳು ಅವಳು. ಆ ಮನೆಯ ಭಾರ ಅವನಿಗಿಂತ ಅವಳ ಬೆನ್ನಿಗೆ ಹೆಚ್ಚು ಗೊತ್ತಿತ್ತು. ನೀವು ಎಲ್ಲಿ ಇರುತ್ತೀರೋ ಅಲ್ಲಿ ನಾನೂ ಇರುತ್ತೇನೆ ಎಂದು ಒಪ್ಪಿದಳು. ಒಪ್ಪಿದ ಮಾತಿನಲ್ಲಿ ಮನಸ್ಸಿತ್ತು.

ಮನೆ ಮಾರಾಟವಾಯಿತು. ವರ್ತಕ ದಿನವೂ ಜಗಲಿಯಲ್ಲಿ ಕೂತು ಸಾಮಾನು ಹಂಚತೊಡಗಿದ. ಊರಿನವರು ಬಂದು ತೆಗೆದುಕೊಂಡರು, ತೆಗೆದುಕೊಂಡು ಹೊಗಳಿದರು. ಇಂಥ ಮನಸ್ಸು ಯಾರಿಗೆ ಬರುತ್ತದೆ, ಸನ್ಯಾಸಿಗಳಿಗೂ ಬರುವುದಿಲ್ಲ ಎಂದರು. ಗಡಿಯಾರ ಕೊಟ್ಟ, ಹಂಡೆ ಕೊಟ್ಟ, ಕುರ್ಚಿ ಕೊಟ್ಟ. ಹೊಗಳಿಕೆಯನ್ನು ಮಾತ್ರ ಒಳಗೆ ಇಟ್ಟುಕೊಂಡ. ಕೊಡುವುದಕ್ಕೂ ಒಂದು ಅಮಲು ಉಂಟು, ಅದು ಅವನಿಗೆ ಏರಿತು.

ಅವನು ಒಂದು ನಿಯಮ ಮಾಡಿದ. ದೋಣಿಗೆ ತಲೆಗೊಂದು ಪೆಟ್ಟಿಗೆ, ಮೊಣಕಾಲೆತ್ತರದ್ದು. ಅದರಲ್ಲಿ ಹಿಡಿಸಿದ್ದು ಬರುತ್ತದೆ, ಹಿಡಿಸದ್ದು ಇಲ್ಲೇ ಉಳಿಯುತ್ತದೆ. ತನ್ನ ಪೆಟ್ಟಿಗೆಯಲ್ಲಿ ಅಪ್ಪನ ಬೆಳ್ಳಿಯ ಎಲೆಅಡಿಕೆ ಡಬ್ಬಿ ಇಟ್ಟ, ಊರಿನವರು ಹೊದಿಸಿದ ಜರಿಶಾಲು ಇಟ್ಟ, ಉಂಗುರ, ಕನ್ನಡಿ, ನಾಲ್ಕು ಪುಸ್ತಕ ಇಟ್ಟ. ಎಲ್ಲವೂ ಹಿಡಿಸಿದವು. ಅವನಿಗೆ ಪ್ರಿಯವಾದ ವಸ್ತುಗಳೆಲ್ಲ ಸಣ್ಣವಾಗಿದ್ದವು. ಅದು ಅವನ ಅದೃಷ್ಟ. ಅವನು ಅದನ್ನು ವೈರಾಗ್ಯ ಎಂದು ತಿಳಿದುಕೊಂಡ.

ಅಂಬಕ್ಕನಿಗೆ ಪ್ರಿಯವಾದ ವಸ್ತು ಒಂದೇ. ಅದು ಪೆಟ್ಟಿಗೆಯಲ್ಲಿ ಹಿಡಿಸುವಂಥದ್ದಲ್ಲ. ಅಡುಗೆಮನೆಯ ಅರೆಯುವ ಕಲ್ಲು.

ಅದು ಅವಳ ಜೊತೆ ತವರಿನಿಂದ ಗಾಡಿಯಲ್ಲಿ ಬಂದಿತ್ತು. ಅವಳ ಅಜ್ಜಿ ಅದರ ಮೇಲೆ ಅರೆದಿದ್ದಳು, ತಾಯಿ ಅರೆದಿದ್ದಳು. ನಡುವೆ ಸವೆದು ಅಂಗೈಯಂತೆ ತಗ್ಗಾಗಿತ್ತು. ಅರಿಸಿನ ಕುಡಿದು ಒಂದು ಮೂಲೆ ಹಳದಿಯಾಗಿತ್ತು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಮದುವೆಯಲ್ಲಿ ವಧುವಿಗೆ ಕಲ್ಲು ತುಳಿಸುವ ಶಾಸ್ತ್ರವಿದೆಯಲ್ಲ, ಅದಕ್ಕೆ ಅವಳ ತಾಯಿ ಬೇರೆ ಕಲ್ಲು ತರಿಸದೆ ಇದನ್ನೇ ತೊಳೆದು ಇಟ್ಟಿದ್ದಳು. ವರನಾಗಿದ್ದ ಇವನೇ ಬಗ್ಗಿ, ಅವಳ ಬಲಗಾಲನ್ನು ಕೈಯಲ್ಲಿ ಹಿಡಿದು, ಈ ಕಲ್ಲಿನ ಮೇಲೆ ಇಟ್ಟಿದ್ದ. ಈ ಕಲ್ಲಿನ ಹಾಗೆ ಕದಲದೆ ಇರು ಎಂದು ಪುರೋಹಿತರು ಅವನ ಬಾಯಿಂದ ಹೇಳಿಸಿದ್ದರು. ಮೂವತ್ತೆರಡು ವರ್ಷದ ಹಿಂದಿನ ಮಾತು. ಅವನು ಮರೆತಿದ್ದ, ಅವಳು ಮರೆತಿರಲಿಲ್ಲ. ಈಗ ತವರಿನಲ್ಲಿ ತಾಯಿಯೂ ಇರಲಿಲ್ಲ, ಮನೆಯೂ ಇರಲಿಲ್ಲ. ಉಳಿದದ್ದು ಈ ಕಲ್ಲು.

ಅಂಬಕ್ಕ ಜಗಲಿಯ ಬಾಗಿಲಿಗೆ ಬಂದಳು. ಅಲ್ಲಿ ಊರಿನ ಏಳೆಂಟು ಮಂದಿ ಕೂತಿದ್ದರು. ಬಾಗಿಲ ಮರೆಯಲ್ಲೇ ನಿಂತು ಕೇಳಿದಳು.

"ನನಗೆ ಪೆಟ್ಟಿಗೆ ಬೇಡ. ಎರಡು ಸೀರೆ ಗಂಟು ಕಟ್ಟಿಕೊಳ್ತೇನೆ. ಪೆಟ್ಟಿಗೆಯ ಬದಲಿಗೆ ಆ ಕಲ್ಲು ಬರಲಿ."

"ಕಲ್ಲು ಕಟ್ಟಿಕೊಂಡು ಸಮುದ್ರಕ್ಕೆ ಹೋಗುವವರು ಯಾರು ಮಾರಾಯ್ತಿ? ಸಾಯುವವರು," ಎಂದ ವರ್ತಕ.

ಜಗಲಿಯಲ್ಲಿ ಕೂತವರೆಲ್ಲ ನಕ್ಕರು. ಮಾತು ಚೆನ್ನಾಗಿಯೇ ಇತ್ತು, ಆಡಿದವನಿಗೂ ಅದು ಚೆನ್ನಾಗಿದೆ ಎಂದು ಗೊತ್ತಿತ್ತು. ನಗು ನಿಂತ ಮೇಲೆ ಅವನು ಎಲ್ಲರಿಗೂ ಕೇಳುವಂತೆ ಬುದ್ಧಿ ಹೇಳಿದ. ಹಗುರಾಗುವುದಕ್ಕೆಂದು ಹೊರಟಿದ್ದೇವೆ, ಒಂದು ಕಲ್ಲಿನ ಮೇಲೆ ಮೋಹ ಇಟ್ಟುಕೊಂಡರೆ ಹನ್ನೊಂದು ಕೋಣೆ ಬಿಟ್ಟು ಏನು ಬಂತು ಎಂದ. ಅಂಬಕ್ಕ ಒಳಗೆ ಹೋಗಿ ಅಂದಿನ ಸಾರಿಗೆ ಅರೆದಳು, ಕಲ್ಲನ್ನು ತೊಳೆದು ಒರೆಸಿದಳು, ಗೋಡೆಗೆ ಒರಗಿಸಿ ಇಟ್ಟಳು. ಮನೆ ಕೊಂಡವನಿಗೆ ಅದು ಮನೆಯ ಜೊತೆ ಹೋಯಿತು.

ಹೊರಡುವ ದಿನ ಬೆಳಿಗ್ಗೆ ಅಂಬಕ್ಕ ಹೊಸ್ತಿಲಿಗೆ ಅರಿಸಿನ ಕುಂಕುಮ ಇಟ್ಟು, ಹೊರಗೆ ಕಾಲಿಟ್ಟು, ತಿರುಗಿ ನೋಡಿ, "ಬರ್ತೇನೆ" ಎಂದಳು. ನಮ್ಮ ಕಡೆ ಮನೆ ಬಿಟ್ಟು ಹೊರಡುವವರು ಯಾರೂ ಹೋಗುತ್ತೇನೆ ಎನ್ನುವುದಿಲ್ಲ. ಅದು ಸತ್ತವರ ಮಾತು. ಸಂತೆಗೆ ಹೋಗುವವರೂ ಬರುತ್ತೇನೆ ಎನ್ನುತ್ತಾರೆ, ಪರದೇಶಕ್ಕೆ ಹೋಗುವವರೂ ಬರುತ್ತೇನೆ ಎನ್ನುತ್ತಾರೆ. ವರ್ತಕ ಅದನ್ನೂ ಬಿಡಲಿಲ್ಲ. ಮಾರಿದ ಮನೆಗೆ ಬರುತ್ತೇನೆ ಎಂದರೆ ಕೊಂಡವನು ಹೆದರಿಯಾನು, ಹೋಗುತ್ತೇನೆ ಅನ್ನು, ಅದೇ ಸರಿಯಾದ ಮಾತು ಎಂದು ತಿದ್ದಿದ. ಅಂಬಕ್ಕ ಆ ಮಾತು ಅನ್ನಲಿಲ್ಲ. ಗಂಟು ಎತ್ತಿಕೊಂಡು ಅವನ ಹಿಂದೆ ನಡೆದಳು.

ದೋಣಿ ಹೊಳೆಯ ಕಟ್ಟೆಯಲ್ಲಿ ನಿಂತಿತ್ತು. ಮೊದಲು ಉಪ್ಪು, ಹೆಂಚು ಸಾಗಿಸುತ್ತಿದ್ದ ದೋಣಿ. ಅದನ್ನು ನಡೆಸುವ ತಾಂಡೇಲನೂ ಇಬ್ಬರು ಆಳುಗಳೂ ದೋಣಿಯ ಜೊತೆಗೇ ಬಂದಿದ್ದರು. ಒಳಗೆ ಒಂದು ಚೂರು ಸರಕೂ ಇರಬಾರದು, ಗುಡಿಸಿ ಖಾಲಿ ಮಾಡಿಸು ಎಂದು ವರ್ತಕ ಹೇಳಿ ಕಳಿಸಿದ್ದ. ತಾಂಡೇಲ ಖಾಲಿ ಮಾಡಿಸಿದ್ದ. ಆದರೆ ಹೊರಡಲು ಒಪ್ಪಲಿಲ್ಲ.

"ಒಡೆಯಾ, ಹೊಟ್ಟೆ ಖಾಲಿ ಇದ್ದ ದೋಣಿ ಗಾಳಿಗೆ ನಿಲ್ಲುದಿಲ್ಲ," ಎಂದ. "ಹಾಯಿ ಬಿಚ್ಚಿದ ಕೂಡ್ಲೇ ಮಗುಚುತ್ತದೆ. ಸರಕು ಇಲ್ಲದಿದ್ರೆ ತಳಕ್ಕೆ ಕಲ್ಲು ತುಂಬಬೇಕು."

ವರ್ತಕನಿಗೆ ಇದು ಹೊಸ ವಿಷಯ. ಎಂಥ ಕಲ್ಲು ಎಂದು ಕೇಳಿದ. ಎಂಥದ್ದಾದರೂ ಸರಿ, ಭಾರ ಇದ್ದರೆ ಸಾಕು ಎಂದ ತಾಂಡೇಲ. ಹಾಗಾದರೆ ತುಂಬು ಎಂದು ಹೇಳಿ ವರ್ತಕ ಹಾಯಿಯ ಬಟ್ಟೆ ನೋಡಲು ಹೋದ.

ಅಂಬಕ್ಕ ದೋಣಿಯ ಹಿಂಬದಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಅವಳಿಗೆ ಎಲ್ಲ ಕೇಳಿಸಿತು. ಮನೆ ಅಲ್ಲಿಂದ ಕೂಗಳತೆಯ ದೂರ. ಅವಳು ಇನ್ನೊಂದು ಸಲ ಬಾಯಿಬಿಟ್ಟು ಕೇಳಬಹುದಿತ್ತು. ಕೇಳಲಿಲ್ಲ. ಈಗ ಅವರಿಗೇ ನೆನಪಾಗುತ್ತದೆ, ಅವರೇ ಹೇಳುತ್ತಾರೆ ಎಂದು ಕಾದಳು. ಆ ಮಧ್ಯಾಹ್ನವೆಲ್ಲ ಕಾದಳು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದಳು. ವರ್ತಕ ಹತ್ತಿರ ಬಂದಾಗಲೆಲ್ಲ ತಲೆ ಎತ್ತಿ ನೋಡಿದಳು. ಅವನು ಗಾಳಿಯ ಮಾತಾಡಿದ, ಹಾಯಿಯ ಮಾತಾಡಿದ, ಊಟಕ್ಕೆ ಎಷ್ಟು ಹೊತ್ತು ಎಂದು ಕೇಳಿದ. ಸಂಜೆ ಅವಳು ನೀರು ತರಲು ಬಾವಿಗೆ ಹೋದಳು.

ಅದೇ ಸಂಜೆ ಆಳುಗಳು ಕಟ್ಟೆಯ ಸುತ್ತಮುತ್ತ ಬಿದ್ದಿದ್ದ ಕಲ್ಲುಗಳನ್ನು ಹೊತ್ತು ತಂದು ದೋಣಿಗೆ ತುಂಬಿದರು. ಮನೆ ಕೊಂಡವನ ಹೆಂಡತಿಗೆ ತನ್ನದೇ ಅರೆಯುವ ಕಲ್ಲು ಇತ್ತು. ಇನ್ನೊಬ್ಬಳು ಬಳಸಿದ ಕಲ್ಲು ಬೇಡವೆಂದು ಅವಳು ಅಂಬಕ್ಕನ ಕಲ್ಲನ್ನು ಅಂದು ಸಂಜೆಯೇ ಬಟ್ಟೆ ಒಗೆಯಲು ಹೊಳೆಕಟ್ಟೆಗೆ ಹಾಕಿಸಿದ್ದಳು. ಆಳುಗಳು ಅದನ್ನೂ ಎತ್ತಿದರು. ಹಲಗೆಗಳ ಸಂದಿಯಲ್ಲಿ ಅದು ಇಳಿಯಲಿಲ್ಲ, ಅಗಲ ಹೆಚ್ಚಾಯಿತು. ಸುತ್ತಿಗೆಯಿಂದ ಹೊಡೆದು ಎರಡು ತುಂಡು ಮಾಡಿ ಇಳಿಸಿದರು. ಅವರ ಮೇಲೆ ತಪ್ಪಿಲ್ಲ. ಅವರಿಗೆ ಅದು ಕಲ್ಲು.

ಮರುದಿನ ದೋಣಿ ಅಳಿವೆ ದಾಟಿ ಸಮುದ್ರಕ್ಕೆ ಇಳಿಯಿತು. ವರ್ತಕ ಸುಖವಾಗಿದ್ದ. ಬೀಗದಕೈ ಇಲ್ಲದ ಸೊಂಟವನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ. ಸಿಕ್ಕಿದ ಬಂದರಿನಲ್ಲೆಲ್ಲ ಇಳಿದು, ತಾನು ಹನ್ನೊಂದು ಕೋಣೆಯ ಮನೆ ಬಿಟ್ಟು ಬಂದವನು ಎಂದು ಪರಿಚಯ ಹೇಳಿಕೊಳ್ಳುತ್ತಿದ್ದ. ಮನೆ ಬಿಟ್ಟಿದ್ದ, ಅದರ ಕೋಣೆಗಳ ಲೆಕ್ಕ ಬಿಟ್ಟಿರಲಿಲ್ಲ. ಅಂಬಕ್ಕ ಮಣ್ಣಿನ ಒಲೆಯಲ್ಲಿ ಅಡುಗೆ ಮಾಡುತ್ತಿದ್ದಳು. ಒಂದು ಸಣ್ಣ ಕುಟ್ಟಾಣಿಯಲ್ಲಿ ಮೆಣಸು ಕೊತ್ತಂಬರಿ ಕುಟ್ಟಿ ಹಾಕುತ್ತಿದ್ದಳು. ಸಾರು ಯಾಕೆ ಮನೆಯಲ್ಲಿ ಆದ ಹಾಗೆ ಆಗುವುದಿಲ್ಲ ಎಂದು ವರ್ತಕ ಎರಡು ಮೂರು ಸಲ ಕೇಳಿದ. ಅವಳು ಕುಟ್ಟಾಣಿಯನ್ನು ತೊಳೆದಿಟ್ಟಳು. ಅವನಿಗೆ ಉತ್ತರ ಬೇಕಾಗಿರಲಿಲ್ಲ.

ಇಪ್ಪತ್ತನೆಯ ದಿನವೋ ಏನೋ, ಅಡಿಯಲ್ಲಿ ನೀರು ಸೇರಿತೆಂದು ತಾಂಡೇಲ ಹಲಗೆ ಎತ್ತಿಸಿದ. ವರ್ತಕ ಬಗ್ಗಿ ನೋಡುತ್ತಿದ್ದ. ಕಪ್ಪು ಕಲ್ಲುಗಳ ನಡುವೆ ಒಂದು ಮೂಲೆ ಹಳದಿಯಾಗಿ ಕಂಡಿತು. ಎಷ್ಟಾದರೂ ಮೂವತ್ತೆರಡು ವರ್ಷ ಕಣ್ಣ ಮುಂದೆ ಇದ್ದ ಕಲ್ಲು. ಅವನಿಗೆ ಗುರುತು ಸಿಕ್ಕಿತು. ಗುರುತು ಸಿಕ್ಕಿದಾಗ ಅವನಿಗೆ ಆದದ್ದು ಏನು ಗೊತ್ತೇ? ಸಂತೋಷ. ದೇವರೇ ಇದನ್ನು ಸರಿಮಾಡಿದ ಎಂದುಕೊಂಡ. ಹೆಂಡತಿಯನ್ನು ಕೂಗಿ ಕರೆದ.

"ನೋಡು ಬಾ, ನಿನ್ನ ಕಲ್ಲು ನಮ್ಮ ಜೊತೆಯಲ್ಲೇ ಬಂದಿದೆ. ಸುಮ್ಮನೆ ಸಂಕಟಪಟ್ಟೆ."

ಅಂಬಕ್ಕ ಕೈಯಲ್ಲಿದ್ದ ಸೌಟು ಕೆಳಗಿಟ್ಟು ಬಂದಳು. ತಳಕ್ಕೆ ಇಳಿದು ಆ ನೀರಿನಲ್ಲಿ ಕೂತಳು. ಹಳದಿ ಮೂಲೆಯಿಂದ ಕೈ ಸವರಿಕೊಂಡು ನಡುವಿನ ತಗ್ಗಿಗೆ ಬಂದಳು. ತಗ್ಗು ಅರ್ಧಕ್ಕೆ ನಿಂತಿತ್ತು, ಅಲ್ಲಿಂದ ಮುಂದೆ ಒಡೆದ ಅಂಚು. ಇನ್ನೊಂದು ತುಂಡು ಎಲ್ಲಿ ಎಂದು ಕೇಳಿದಳು. ಎಲ್ಲೋ ಅಡಿಯಲ್ಲಿ ಸೇರಿಕೊಂಡಿರಬೇಕು ಎಂದ ತಾಂಡೇಲ. ಅವಳು ಮೇಲೆ ನಿಂತಿದ್ದ ಗಂಡನನ್ನು ನೋಡಿದಳು.

"ಹಾಗಾದರೆ ಭಾರಕ್ಕೆ ಜಾಗ ಇತ್ತು," ಎಂದಳು.

ವರ್ತಕ ಉತ್ಸಾಹದಿಂದ ವಿವರಿಸಿದ. ಜಾಗ ಇರುವುದಷ್ಟೇ ಅಲ್ಲ, ಭಾರ ಬೇಕೇ ಬೇಕು, ಹೊಟ್ಟೆಯಲ್ಲಿ ಕಲ್ಲಿಲ್ಲದ ದೋಣಿ ಮಗುಚಿಕೊಳ್ಳುತ್ತದೆ, ಇದು ಅನುಭವಸ್ಥರಿಗೆ ಮಾತ್ರ ಗೊತ್ತಿರುವ ವಿದ್ಯೆ ಎಂದೆಲ್ಲ ಹೇಳಿದ. ಅವಳು ಏನು ಹೇಳಿದಳು ಎಂಬುದು ಅವನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಅವಳ ಸಂಕಟ ಕಲ್ಲು ಒಡೆದದ್ದಕ್ಕೆ ಮಾತ್ರ ಆಗಿರಲಿಲ್ಲ. ದೋಣಿಗೆ ಕಲ್ಲು ಬೇಕಿತ್ತು, ಯಾರ ಕಲ್ಲಾದರೂ ಆಗುತ್ತಿತ್ತು, ಅವಳ ಕಲ್ಲು ಎಂದು ಮಾತ್ರ ಅದು ಬರುವ ಹಾಗಿರಲಿಲ್ಲ.

ಎರಡು ದಿನದ ಮೇಲೆ ದೋಣಿ ಕುಡಿಯುವ ನೀರಿಗಾಗಿ ಒಂದು ಬಂದರಿನಲ್ಲಿ ನಿಂತಿತು. ಅಲ್ಲಿ ಅಂಬಕ್ಕನ ದೊಡ್ಡಮ್ಮನ ಮಗಳು ಒಂದು ಊಟದ ಮನೆ ನಡೆಸುತ್ತಿದ್ದಳು. ಅಂಬಕ್ಕ ಎರಡು ಸೀರೆಯ ಗಂಟು ಹಿಡಿದು ಬಂದಳು. ಅವಳ ಮುಖ ನೋಡಿ ತಾಂಡೇಲನಿಗೆ ಅರ್ಥವಾಯಿತು. ಆ ಕಲ್ಲಿನ ತುಂಡುಗಳನ್ನು ಹುಡುಕಿ ತೆಗೆಸಿಕೊಡಲೇ ಅಮ್ಮಾ ಎಂದು ಕೇಳಿದ. ಬೇಡ, ದೋಣಿಗೆ ಬೇಕಾಗುತ್ತದೆ ಎಂದಳು. ದಡಕ್ಕೆ ಹಾಕಿದ್ದ ಹಲಗೆಯ ಮೇಲೆ ಕಾಲಿಟ್ಟು ಗಂಡನ ಕಡೆ ತಿರುಗಿದಳು.

"ಹೋಗ್ತೇನೆ," ಎಂದಳು.

ವರ್ತಕ ಮಾತು ಮುಗಿಯಲಿ ಎಂದು ಕಾದ. ಹೋಗಿ ಬರ್ತೇನೆ ಎನ್ನುವುದರಲ್ಲಿ ಅರ್ಧ ಬಾಕಿ ಇದೆ ಎಂದುಕೊಂಡ. ಅವಳು ಹಲಗೆ ದಾಟಿದಳು, ಕಟ್ಟೆ ಏರಿದಳು, ಮರಳಿನ ದಾರಿ ಹಿಡಿದಳು. ಮಾತು ಅಷ್ಟೇ ಎಂದು ಕೊನೆಗೆ ಅವನಿಗೆ ಗೊತ್ತಾಯಿತು. ಆ ಮಾತನ್ನು ಅವಳಿಗೆ ಕಲಿಸಿದವನು ತಾನೇ ಎಂಬುದೂ ಆಗ ನೆನಪಾಯಿತು.

ನಾಲ್ಕು ದಿನ ದೋಣಿಯನ್ನು ನಿಲ್ಲಿಸಿಕೊಂಡ. ಐದನೆಯ ದಿನ ಊಟದ ಮನೆಗೆ ಹೋಗಿ ಎಲ್ಲರ ಸಾಲಿನಲ್ಲಿ ಕೂತ. ಅಂಬಕ್ಕ ಬಡಿಸುತ್ತ ಬಂದಳು. ಅವನ ಎಲೆಗೂ ಅನ್ನ ಬಡಿಸಿದಳು, ಸಾರು ಬಡಿಸಿದಳು. ಕಲ್ಲಿನ ಮೇಲೆ ನುಣ್ಣಗೆ ಅರೆದು ಮಾಡಿದ ಸಾರು. ಮನೆಯ ಸಾರಿನ ಹಾಗೆಯೇ ಇತ್ತು. ಬೇಕಾದರೆ ಕೇಳಿ ಎಂದು ಅವಳು ಎಲ್ಲರಿಗೂ ಹೇಳುವಂತೆ ಅವನಿಗೂ ಹೇಳಿ ಮುಂದಿನ ಎಲೆಗೆ ಹೋದಳು. ಏನು ಕೇಳಬೇಕೆಂದು ಅವನಿಗೆ ತಿಳಿಯಲಿಲ್ಲ. ಉಂಡು, ಕೈತೊಳೆದು, ದೋಣಿಗೆ ಬಂದ.

ಹಾಯಿ ಏರಿಸುವ ಮೊದಲು ತಾಂಡೇಲ ದೋಣಿಯ ಸುತ್ತ ಒಮ್ಮೆ ನೋಡಿದ. ಅವಳು ಕೂರುತ್ತಿದ್ದ, ಅಡುಗೆ ಮಾಡುತ್ತಿದ್ದ, ಮಲಗುತ್ತಿದ್ದ ಬದಿ ಒಂದಿಷ್ಟು ಮೇಲೆದ್ದಿತ್ತು. ದಡದಿಂದ ಎರಡು ಕಲ್ಲು ತರಿಸಿ ಆ ಬದಿಗೆ ಹಾಕಿಸಿದ. ದೋಣಿ ಸಮವಾಯಿತು. ವರ್ತಕ ನಿಂತು ನೋಡುತ್ತಿದ್ದ.

ಕತೆ ಅಲ್ಲಿಗೆ ನಿಂತಿತು. ಶಿಷ್ಯನಿಗೆ ಸಿಟ್ಟು ಬಂದಿತ್ತು. ಆ ವರ್ತಕ ಮೂರ್ಖ, ಗುರುಗಳೇ, ಎಂದ. ಆ ಕಲ್ಲು ಅವನದಲ್ಲ, ಅವಳದು, ತನ್ನದಲ್ಲದ್ದನ್ನು ಬಿಟ್ಟು, ಬಿಟ್ಟೆ, ಬಿಟ್ಟೆ ಎಂದು ಮೆರೆದವನ ಮನಸ್ಸು ಹೇಗೆ ಹಗುರಾದೀತು ಎಂದು ಕೇಳಿದ.

ಗುರುಗಳು ಹೌದೆಂಬಂತೆ ತಲೆಯಾಡಿಸಿದರು. ಆಮೇಲೆ ಕೇಳಿದರು:

"ಹಗ್ಗ ಸಮೇತ ಕೊಟ್ಟೆಯಲ್ಲ, ಆ ಹಸುವನ್ನು ನಿನ್ನ ಹೆಂಡತಿ ಯಾವ ಹೆಸರಿನಿಂದ ಕರೆಯುತ್ತಿದ್ದಳು?"

ಶಿಷ್ಯ ಬಾಯಿ ತೆರೆದ. ಯಾವ ಹೆಸರೂ ಬರಲಿಲ್ಲ.